ಪರದೆಯ ಮೇಲಿನ ಗದ್ದಲ

ಬಕ್ರೀದ್‌ಗೆ ಇನ್ನು ನಾಲ್ಕು ದಿನವಿತ್ತು. ತಂಗಿಯ ಗಂಡ ಫೋನ್ ಮಾಡಿದವರು ಸಲಾಮ್ ಹೇಳಿ, ಕುಶಲ ವಿಚಾರಿಸುವ ಮೊದಲೇ ವಿಷಯಕ್ಕೆ ಬಂದರು. "ಭಾಯ್, ಮಗಳು ಮೈಸೂರಿನಲ್ಲಿ ಯಾವುದೋ ಬ್ಯಾಂಡ್ ಸೇರ್ಕೊಂಡಿದಾಳೆ. ಡ್ರಮ್ ಬಾರಿಸ್ತಾಳಂತೆ. ಮುಂದಿನ ತಿಂಗಳು ಸ್ಟೇಜ್ ಮೇಲೆ ಪ್ರೋಗ್ರಾಂ ಅಂತೆ. ನಾನು ಹೇಳಿದ್ರೆ ಕೇಳಲ್ಲ. ನೀವು ಟೀವಿ, ರೇಡಿಯೋ ಜತೆ ಬಾಳಿದೋರು, ಇದೆಲ್ಲ ಏನು ಎತ್ತ ಅಂತ ಗೊತ್ತು. ಹಬ್ಬಕ್ಕೆ ಬಂದಾಗ ಕೂರಿಸಿ ಬುದ್ಧಿ ಹೇಳಿ."

ನಮ್ಮ ಮನೆಮಾತು ಉರ್ದು. ಅವರ ಮಾತನ್ನು ಕನ್ನಡಕ್ಕೆ ತಂದಿದ್ದೇನೆ, ಅದರೊಳಗಿದ್ದ ಸಂಕಟವನ್ನು ತರಲಾಗಿಲ್ಲ. ಒಳ್ಳೆಯ ಮನುಷ್ಯ. ಮಗಳನ್ನು ಓದಿಸಲು ಸಾಲ ಮಾಡಿದವರು. ಅವರಿಗೆ "ಆಯ್ತು, ಹೇಳ್ತೀನಿ" ಎಂದುಬಿಟ್ಟೆ. ಬ್ಯಾಂಡ್ ಎಂದಾಗ ನನ್ನ ಕಣ್ಣಮುಂದೆ ಬಂದದ್ದು ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್, ಕೆಂಪು ಕೋಟು, ತಲೆಯ ಮೇಲೆ ಟ್ಯೂಬ್‌ಲೈಟ್ ಹೊತ್ತ ಹುಡುಗರು. ಅದರ ನಡುವೆ ನಮ್ಮ ಹುಡುಗಿಯನ್ನು ನಿಲ್ಲಿಸಿ ನೋಡಿ ನಗು ಬಂತು.

ನಮ್ಮೂರು ಎನ್. ಬೇಗೂರು, ಹೆಗ್ಗಡದೇವನಕೋಟೆ ಸೀಮೆ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ನಮ್ಮೂರಿನ ಹೆಸರೇ ಇದೆ. ಹಾಗಾಗಿ ಪತ್ರಿಕೆಗಳಲ್ಲಿ ನಮ್ಮ ಊರಿನ ಹೆಸರು ಬಂದರೆ ಹುಲಿಯ ಜತೆಗೋ ಆನೆಯ ಜತೆಗೋ ಬರುತ್ತದೆ, ಮನುಷ್ಯರ ಜತೆ ಬರುವುದು ಕಡಿಮೆ. ಇಲ್ಲಿ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ರೇಡಿಯೋ, ಟೀವಿ ರಿಪೇರಿ ಮಾಡಿಕೊಂಡು ಬಂದಿದ್ದೇನೆ. ಎತ್ತರದ ಪೈಪಿಗೆ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿ, ಒಬ್ಬ ಮೇಲೆ ನಿಂತು ತಿರುಗಿಸುತ್ತ, ಇನ್ನೊಬ್ಬ ಕೆಳಗಿನಿಂದ "ಬಂತು, ಬಂತು, ಹೋಯ್ತು" ಎಂದು ಕೂಗುತ್ತಿದ್ದ ಕಾಲದಿಂದ ಇದ್ದೇನೆ. ಪಿಕ್ಚರ್ ಟ್ಯೂಬಿನ ಟೀವಿಗಳು ಹೋದ ಮೇಲೆ ಡಿಶ್ ಕೂಡಿಸುವುದು, ಮಿಕ್ಸಿ, ಪಂಪ್‌ಸೆಟ್ಟಿನ ಮೋಟಾರು ಇವೇ ಅನ್ನ ಹಾಕುತ್ತಿವೆ. ಜನ ಟೀವಿಯ ಮುಂದೆ ಕೂತು ನೋಡಿದರು, ನಾನು ಹಿಂದಿನಿಂದ ನೋಡಿದೆ. ಅದರಿಂದ ಹೆಚ್ಚಿನ ಜ್ಞಾನವೇನೂ ಬರಲಿಲ್ಲ.

ಹಬ್ಬಕ್ಕೆ ಎರಡು ದಿನ ಮೊದಲೇ ತಂಗಿ ಮತ್ತು ಮಗಳು ಬಂದರು. ಹುಡುಗಿಯ ಬ್ಯಾಗಿನಿಂದ ಎರಡು ಮರದ ಕಡ್ಡಿಗಳು ಇಣುಕುತ್ತಿದ್ದವು. ರಾತ್ರಿ ಊಟವಾದ ಮೇಲೆ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳೇ ಶುರುಮಾಡಿದಳು. "ಮಾಮು, ಅಬ್ಬಾ ಫೋನ್ ಮಾಡಿರ್ತಾರೆ ಅಂತ ಗೊತ್ತು. ನಮ್ಮದು ಪಂಕ್ ಬ್ಯಾಂಡ್. ಬೈಯೋದಾದ್ರೆ ಏನು ಅಂತ ತಿಳ್ಕೊಂಡು ಬೈಯಿರಿ." ಹೀಗೆ ಹೇಳಿ ಲ್ಯಾಪ್‌ಟಾಪ್ ತೆರೆದಳು.

ನ್ಯಾಯವಾದ ಮಾತು. ಕೆಟ್ಟ ಸೆಟ್ಟನ್ನು ಬಿಚ್ಚಿ ನೋಡದೆ ಇದು ರಿಪೇರಿಯಾಗುವುದಿಲ್ಲ ಎಂದು ನಾನು ಯಾವ ಗಿರಾಕಿಗೂ ಹೇಳಿದವನಲ್ಲ.

ಅವಳಿಂದ ತಿಳಿದದ್ದು ಇಷ್ಟು. ಸುಮಾರು ಐವತ್ತು ವರ್ಷಗಳ ಹಿಂದೆ ನ್ಯೂಯಾರ್ಕಿನಲ್ಲೂ ಲಂಡನ್ನಿನಲ್ಲೂ ಕೆಲವು ಬಡ, ನಿರುದ್ಯೋಗಿ ಹುಡುಗರು, ಅವರ ಜತೆ ಕೆಲವು ಕಲಾಶಾಲೆಯವರು ಸೇರಿ ಈ ಸಂಗೀತ ಹುಟ್ಟುಹಾಕಿದರು. ಅದರ ಮುಖ್ಯ ಗುಣ, ಕಲಿಯಲು ವರ್ಷಗಟ್ಟಲೆ ಬೇಕಾಗಿಲ್ಲ. ಗಿಟಾರಿನ ಮೇಲೆ ಬೆರಳಿಡುವ ಮೂರು ಬಗೆ ಗೊತ್ತಿದ್ದರೆ ಸಾಕು. ಹಾಡು ಎರಡು ನಿಮಿಷದಲ್ಲಿ ಮುಗಿಯುತ್ತದೆ. ರಾಗ, ಆಲಾಪದ ಗೊಡವೆಯಿಲ್ಲ. ಕೋಪ ಇರಬೇಕು, ಹೇಳಲು ಏನಾದರೂ ಇರಬೇಕು. ಕೇಳಿದರೆ ಕಿವಿಗೆ ಹಿತವೇ? ಇಲ್ಲ. ನನಗಂತೂ ಮೂರನೆಯ ಹಾಡಿಗೆ ತಲೆ ನೋಯತೊಡಗಿತು. ಇದನ್ನು ಅವಳಿಗೂ ಹೇಳಿದೆ.

ಆದರೆ ಹಾಡಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ಕೂರಿಸಿದ್ದು ಆ ಹಾಡುಗಾರರು ಟೀವಿಯಲ್ಲಿ ಬಂದ ಕಥೆ. ಟೀವಿ ನನ್ನ ಕಸುಬಲ್ಲವೇ!

1976ರ ಡಿಸೆಂಬರ್ 1. ಲಂಡನ್ನಿನ ಥೇಮ್ಸ್ ಟೆಲಿವಿಷನ್ನಿನಲ್ಲಿ ಸಂಜೆಯ 'ಟುಡೇ' ಕಾರ್ಯಕ್ರಮ, ನೇರ ಪ್ರಸಾರ. ಬರಬೇಕಿದ್ದ ಕ್ವೀನ್ ಎಂಬ ಹೆಸರಾಂತ ಬ್ಯಾಂಡ್ ಬರಲಿಲ್ಲ. ಬದಲಿಗೆ ಸೆಕ್ಸ್ ಪಿಸ್ಟಲ್ಸ್ ಎಂಬ ಹೊಸ ಪಂಕ್ ಹುಡುಗರನ್ನು ಕೂರಿಸಿದರು. ನಿರೂಪಕ ಬಿಲ್ ಗ್ರಂಡಿ ಅವರನ್ನು ಗೇಲಿ ಮಾಡುತ್ತ ಹೋದರು. ಕೊನೆಗೆ, ಏನಾದರೂ ಕೆಟ್ಟದ್ದು ಹೇಳು ನೋಡೋಣ ಎಂದು ತಾವೇ ಕೆಣಕಿದರು. ಹುಡುಗ ಹೇಳಿಬಿಟ್ಟ. ಮರುದಿನ ಪತ್ರಿಕೆಗಳ ಮುಖಪುಟದ ತುಂಬ ಅದೇ. ಅವರ ಪ್ರವಾಸದ ಬಹುಪಾಲು ಕಾರ್ಯಕ್ರಮಗಳನ್ನು ಊರೂರುಗಳಲ್ಲಿ ರದ್ದು ಮಾಡಿದರು. ಮುಂದಿನ ತಿಂಗಳು ರೆಕಾರ್ಡ್ ಕಂಪೆನಿ ಕೈಬಿಟ್ಟಿತು. ಗ್ರಂಡಿಯವರನ್ನೂ ಎರಡು ವಾರ ಅಮಾನತಿನಲ್ಲಿಟ್ಟರು. ನನಗೆ ಮುಖ್ಯವೆನಿಸಿದ್ದು ಬೇರೆ. ಆ ಕಾರ್ಯಕ್ರಮ ಲಂಡನ್ ಪ್ರದೇಶಕ್ಕೆ ಮಾತ್ರ ಕಾಣುತ್ತಿತ್ತು. ಇಡೀ ದೇಶ ಸಿಟ್ಟಾಯಿತಲ್ಲ, ಅದರಲ್ಲಿ ಎಷ್ಟೋ ಜನ ಅದನ್ನು ನೋಡಿಯೇ ಇರಲಿಲ್ಲ, ಮರುದಿನ ಓದಿದವರು.

ಅಲ್ಲಿಂದ ಪಂಕ್ ಎಂದರೆ ಹೀಗೆಯೇ ಎಂದು ಪರದೆಗೆ ಒಂದು ಅಚ್ಚು ಸಿಕ್ಕಿತು. ಅಮೆರಿಕದಲ್ಲಿ 'ಕ್ವಿನ್ಸಿ' ಎಂಬ ಧಾರಾವಾಹಿ ಬರುತ್ತಿತ್ತು. ಶವಪರೀಕ್ಷೆ ಮಾಡುವ ವೈದ್ಯನೇ ಅದರ ನಾಯಕ, ಪ್ರತಿ ಕಂತಿನಲ್ಲೂ ಒಂದು ಸಾವು, ಒಂದು ಪತ್ತೆ. 1982ರ ಒಂದು ಕಂತಿನಲ್ಲಿ ಪಂಕ್ ಹಾಡಿನ ಕೂಟದಲ್ಲಿ ಒಬ್ಬ ಹುಡುಗನ ಕೊಲೆಯಾಗುತ್ತದೆ. ವೈದ್ಯರು ತನಿಖೆ ಮಾಡುತ್ತ ಮಾಡುತ್ತ ಆ ಸಂಗೀತವೇ ಅಪರಾಧಿ ಎಂಬಲ್ಲಿಗೆ ಬರುತ್ತಾರೆ! ಅದರಲ್ಲಿ ಹಾಡುವ ಬ್ಯಾಂಡ್ ನಿಜವಾದದ್ದಲ್ಲ, ಧಾರಾವಾಹಿಗೆಂದು ಹುಟ್ಟಿಸಿದ್ದು. ಅದೇ ವರ್ಷ 'ಚಿಪ್ಸ್' ಎಂಬ ಪೊಲೀಸ್ ಧಾರಾವಾಹಿಯಲ್ಲೂ ಒಂದು ಸುಳ್ಳು ಪಂಕ್ ಬ್ಯಾಂಡ್ ಬಂದು ದಾಂಧಲೆ ಮಾಡಿತು. ಕೂದಲಿಗೆ ಬಣ್ಣ, ಕೆನ್ನೆಗೆ ಪಿನ್ನು, ಕಣ್ಣಲ್ಲಿ ಕೊಲೆ. ಇಂಥ ವೇಷದವರಿಗೆ ನಿಜವಾದ ಪಂಕ್ ಹುಡುಗರೇ 'ಕ್ವಿನ್ಸಿ ಪಂಕ್' ಎಂದು ಹೆಸರಿಟ್ಟು ನಕ್ಕರಂತೆ.

ಇದಕ್ಕೆ ಎದುರಾಗಿ ಅವರೊಳಗೇ ಹೋಗಿ ಚಿತ್ರ ತೆಗೆದವರೂ ಇದ್ದರು. ಪೆನಲಪಿ ಸ್ಫೀರಿಸ್ ಎಂಬ ಮಹಿಳೆ ಲಾಸ್ ಏಂಜಲೀಸಿನ ಬ್ಯಾಂಡುಗಳನ್ನು ಹಿಂಬಾಲಿಸಿ ಮಾಡಿದ ಸಾಕ್ಷ್ಯಚಿತ್ರ 1981ರಲ್ಲಿ ಬಂತು. ಅದರಲ್ಲಿ ಹುಡುಗರು ಹೇಗಿದ್ದಾರೋ ಹಾಗಿದ್ದಾರೆ. ಕೊಳಕು ಕೋಣೆ, ಖಾಲಿ ಜೇಬು, ಒರಟು ಮಾತು, ನಡುನಡುವೆ ಒಳ್ಳೆಯತನ. ಅದಕ್ಕೂ ಎರಡು ವರ್ಷ ಮೊದಲು ರಮೋನ್ಸ್ ಎಂಬ ನ್ಯೂಯಾರ್ಕಿನ ಬ್ಯಾಂಡ್ 'ರಾಕ್ ಎನ್ ರೋಲ್ ಹೈಸ್ಕೂಲ್' ಎಂಬ ಹಾಸ್ಯಚಿತ್ರದಲ್ಲಿ ತಾವಾಗಿಯೇ ನಟಿಸಿತ್ತು. ಕೊನೆಯಲ್ಲಿ ಶಾಲೆಯೇ ಉಡೀಸ್. ಅದನ್ನು ನೋಡಿ ಯಾವ ಮಕ್ಕಳೂ ಶಾಲೆ ಸುಟ್ಟ ಸುದ್ದಿ ನಾನು ಕೇಳಿಲ್ಲ.

ಆ ಕ್ವಿನ್ಸಿ ಕಂತಿನ ತುಣುಕು ನೋಡುವಾಗ ನನಗೆ ಇದೆಲ್ಲೋ ನೋಡಿದ್ದೇನಲ್ಲ ಎನಿಸತೊಡಗಿತು. ಎಲ್ಲಿ? ನನ್ನದೇ ಅಂಗಡಿಯಲ್ಲಿ. ರಿಪೇರಿಗೆ ಬಂದ ಸೆಟ್ ಸರಿಯಾಗಿದೆಯೇ ಎಂದು ನೋಡಲು ರಾತ್ರಿ ಸಿನಿಮಾ ಹಾಕಿಬಿಡುತ್ತಿದ್ದೆ, ಊರ ಹುಡುಗರು ಬಂದು ಕೂರುತ್ತಿದ್ದರು. ಹಿಂದಿಯಾಗಲಿ ಕನ್ನಡವಾಗಲಿ, ಕಣ್ಣಿಗೆ ಸುರ್ಮಾ, ಗಡ್ಡ, ಕೊರಳಿಗೊಂದು ತಾಯಿತ, ಚೌಕುಳಿ ಲುಂಗಿ ಬಂತೆಂದರೆ ಮುಂದೇನಾಗುತ್ತದೆಂದು ಹೇಳಬೇಕಾಗಿರಲಿಲ್ಲ. ಮೊದಲು ಕಳ್ಳಸಾಗಣೆದಾರನಾಗಿದ್ದ, ಆಮೇಲೆ ಬಾಂಬ್ ಇಡುವವನಾದ. ಇಲ್ಲವೇ ನಾಯಕನಿಗಾಗಿ ಪ್ರಾಣಬಿಡುವ ಒಳ್ಳೆಯ ಚಾಚಾ. ಹುಡುಗರಲ್ಲಿ ಒಬ್ಬ ನನ್ನ ಕಡೆ ತಿರುಗಿ, "ಏನ್ ಭಾಯ್, ನಿಮ್ಮೋರು ಬಂದ್ರು" ಎನ್ನುತ್ತಿದ್ದ. ತಮಾಷೆಗೆ ಹೇಳಿದ್ದು, ನಾನೂ ನಗುತ್ತಿದ್ದೆ. ಬೆಳಿಗ್ಗೆ ಅವನೇ ನನ್ನ ಜತೆ ಟೀ ಕುಡಿಯುತ್ತಿದ್ದ. ಪರದೆಯ ಮೇಲಿನವನಿಗೂ ನನಗೂ ಸಂಬಂಧವಿಲ್ಲವೆಂದು ಅವನಿಗೆ ಗೊತ್ತಿತ್ತು. ನಮ್ಮಂಥ ಒಬ್ಬರ ಪರಿಚಯವೂ ಇಲ್ಲದವರಿಗೆ ಅದು ಹೇಗೆ ಗೊತ್ತಾಗಬೇಕು?

ಈ ಅಚ್ಚಿಗೆ ಬಿದ್ದವರಲ್ಲಿ ನಮ್ಮ ಸೀಮೆಯವನೇ ಒಬ್ಬನಿದ್ದಾನೆ, ಅವನನ್ನು ಬಿಟ್ಟು ಮುಂದೆ ಹೋಗಲಾರೆ. ಕಬಿನಿಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ, ಜಗತ್ತು ಸಾಬು ಎಂದು ಕರೆದ ಹುಡುಗ. ತಂದೆ ತೀರಿಕೊಂಡು ಮಹಾರಾಜರ ಆನೆ ಲಾಯದಲ್ಲಿ ಬೆಳೆಯುತ್ತಿದ್ದ. ರಾಬರ್ಟ್ ಫ್ಲಾಹರ್ಟಿಯ ಚಿತ್ರತಂಡ ಮೈಸೂರಿಗೆ ಬಂದಾಗ ಅವನನ್ನು ಆರಿಸಿಕೊಂಡಿತು. 'ಎಲಿಫೆಂಟ್ ಬಾಯ್' 1937ರಲ್ಲಿ ಬಂತು. ಇಂಗ್ಲೆಂಡ್, ಅಲ್ಲಿಂದ ಹಾಲಿವುಡ್, ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಮಾನದ ಬಾಲದಲ್ಲಿ ಕೂತು ಬಂದೂಕು ಹಿಡಿದ ಸೈನಿಕ. 39ನೇ ವಯಸ್ಸಿಗೆ ತೀರಿಹೋದ. ನಮ್ಮ ಮನೆಯಲ್ಲಿ ಅವನ ಹೆಸರನ್ನು ಹೆಮ್ಮೆಯಿಂದ ಹೇಳುತ್ತಿದ್ದರು, ಚಿತ್ರ ಯಾರೂ ನೋಡಿರಲಿಲ್ಲ. ನಾನು ನೋಡಿದ್ದು ಬಹಳ ತಡವಾಗಿ, ಮೊಬೈಲಿನಲ್ಲಿ. ಆನೆಯ ಕಿವಿಯ ಹಿಂದೆ ಕೂತ ಆ ಹುಡುಗನ ನಗುವಿಗೆ ಇಡೀ ಚಿತ್ರ ಕೊಡಬಹುದು. ಆದರೆ ವಿಮಾನದಲ್ಲಿ ಯುದ್ಧ ಮಾಡಿಬಂದವನನ್ನೂ ಅವರು ಪರದೆಯ ಮೇಲೆ ಮತ್ತೆ ಮತ್ತೆ ಸೊಂಟದ ಬಟ್ಟೆ, ತಲೆಯ ರುಮಾಲಿನಲ್ಲೇ ನಿಲ್ಲಿಸಿದರು. ಪ್ರೀತಿಯಿಂದಲೇ ಹಾಕಿದ ಅಚ್ಚು, ಆದರೂ ಅಚ್ಚೇ.

ಎರಡನೆಯ ರಾತ್ರಿ ಹುಡುಗಿ ನನಗೆ ತೋರಿಸಿದ್ದು ಬ್ರಿಟನ್ನಿನ ಚಾನೆಲ್ 4ರ 'ವಿ ಆರ್ ಲೇಡಿ ಪಾರ್ಟ್ಸ್'. ಮೊದಲ ಸರಣಿ 2021ರಲ್ಲಿ, ಎರಡನೆಯದು 2024ರಲ್ಲಿ ಬಂದಿವೆ. ಬರೆದು ನಿರ್ದೇಶಿಸಿದವರು ನಿದಾ ಮನ್ಝೂರ್. ಲಂಡನ್ನಿನ ಮುಸ್ಲಿಂ ಹುಡುಗಿಯರ ಒಂದು ಪಂಕ್ ಬ್ಯಾಂಡ್, ಅದರ ಕಥೆ. ಹಾಡುವವಳು ಹಲಾಲ್ ಮಾಂಸದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಡ್ರಮ್ ಬಾರಿಸುವವಳು ಟ್ಯಾಕ್ಸಿ ಓಡಿಸುತ್ತಾಳೆ. ಒಬ್ಬಳು ಮಗುವಿನ ತಾಯಿ, ಚಿತ್ರಕಥೆ ಬರೆದು ಮಾರುತ್ತಾಳೆ. ವ್ಯವಹಾರ ನೋಡಿಕೊಳ್ಳುವವಳು ನಿಖಾಬ್ ಹಾಕಿದವಳು, ಎಲ್ಲರಿಗಿಂತ ಚುರುಕು. ಇವರ ನಡುವೆ ಬಂದು ಸೇರುವ ಆಮಿನಾ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸಂಶೋಧನೆ ಮಾಡುವ ಹುಡುಗಿ. ಮದುವೆಯಾಗಬೇಕೆಂಬ ಆಸೆ, ಗಿಟಾರ್ ಚೆನ್ನಾಗಿ ಬರುತ್ತದೆ, ವೇದಿಕೆ ಹತ್ತಿದರೆ ಭಯಕ್ಕೆ ವಾಂತಿ.

ಹೆಸರೇ ನನಗೆ ಸರಿಬರಲಿಲ್ಲ, ಅದರ ಅರ್ಥವನ್ನು ಇಲ್ಲಿ ಬರೆಯಲೂ ಮನಸ್ಸಿಲ್ಲ. ಬೈಗುಳಗಳೂ ಇವೆ. ತಂಗಿಯ ಮಗಳ ಪಕ್ಕ ಕೂತು ನೋಡುವಾಗ ಮೊದಲ ಅರ್ಧ ಗಂಟೆ ಗೋಡೆಯ ಗಡಿಯಾರ ನೋಡುತ್ತಲೇ ಇದ್ದೆ. ಆಮೇಲೆ ನೋಡುವುದನ್ನು ಮರೆತೆ. ಆ ಹುಡುಗಿಯರು ಜಗಳವಾಡುತ್ತಾರೆ, ತಿನ್ನುತ್ತಾರೆ, ವಾದ್ಯ ಬದಿಗಿಟ್ಟು ಒಟ್ಟಿಗೆ ನಮಾಝಿಗೆ ನಿಲ್ಲುತ್ತಾರೆ, ಮತ್ತೆ ವಾದ್ಯ ಎತ್ತಿಕೊಳ್ಳುತ್ತಾರೆ. ಯಾರೂ ಅವರನ್ನು ಧರ್ಮದಿಂದ ಬಿಡಿಸಿ ಉದ್ಧಾರ ಮಾಡಲು ಬರುವುದಿಲ್ಲ. ಆಮಿನಾಳ ತಾಯಿ ಮಗಳಿಗಿಂತ ಧಾರಾಳ ಮನಸ್ಸಿನವಳು, ಬಿಗಿಯಾಗಿರುವವರು ಅವಳ ಓರಗೆಯ ಗೆಳತಿಯರು. ಒಂದು ಹಾಡಂತೂ ಪತ್ರಿಕೆಗಳ ಪ್ರೀತಿಯ ಮರ್ಯಾದೆ ಹತ್ಯೆಯ ಸುದ್ದಿಯನ್ನೇ ತಿರುಗಿಸಿ ಗೇಲಿ ಮಾಡುತ್ತದೆ, ಕಡೆಗೆ ಅದು ಕಾಡಿಗೆಗಾಗಿ ಅಕ್ಕ-ತಂಗಿಯರ ಜಗಳ! ಹೊರಗಿನವರು ಬರೆದಿದ್ದರೆ ಈ ತಮಾಷೆ ಹೊಳೆಯುತ್ತಿರಲಿಲ್ಲ.

ಆದರೆ ಅದರಲ್ಲೂ ಗ್ರಂಡಿ ಬರುತ್ತಾನೆ. ಒಬ್ಬ ಪತ್ರಕರ್ತೆ ಸ್ನೇಹದಿಂದ ಮಾತನಾಡಿಸಿ, ಇವರನ್ನು ಧರ್ಮದ ವಿರುದ್ಧ ಬಂಡೆದ್ದ ಕೆಟ್ಟ ಹುಡುಗಿಯರೆಂದು ಬರೆದುಬಿಡುತ್ತಾಳೆ. ಓದಿದವರೆಲ್ಲ ಮುಗಿಬೀಳುತ್ತಾರೆ, ಬ್ಯಾಂಡ್ ಒಡೆಯುತ್ತದೆ. 1976ರಲ್ಲಿ ಆದದ್ದೇ. ಧಾರಾವಾಹಿಯಾದ್ದರಿಂದ ಆರನೆಯ ಕಂತಿಗೆ ಎಲ್ಲ ಸರಿಹೋಗುತ್ತದೆ. ನನ್ನ ತಕರಾರು ಇಲ್ಲೇ. ಹೊರಗೆ ಅಷ್ಟು ಬೇಗ ಸರಿಹೋಗುವುದಿಲ್ಲ.

ಯಾಕೆಂದರೆ ಹೊರಗಿನ ಕಥೆಗಳೂ ನನಗೆ ಗೊತ್ತಾದವು. 2007ರಲ್ಲಿ ಉತ್ತರ ಅಮೆರಿಕದ ಮುಸ್ಲಿಂ ಸಂಘಟನೆಯೊಂದರ ದೊಡ್ಡ ಸಮಾವೇಶ ಶಿಕಾಗೋ ಬಳಿ ನಡೆದಾಗ, ಅಲ್ಲಿನ ಮುಕ್ತ ವೇದಿಕೆಗೆ ಕೆಲವು ಮುಸ್ಲಿಂ ಪಂಕ್ ಬ್ಯಾಂಡುಗಳು ಹತ್ತಿದವು. ಹೆಣ್ಣುಮಗಳೊಬ್ಬಳು ಹಾಡತೊಡಗಿದ ಮೇಲೆ ಕಾರ್ಯಕ್ರಮ ನಿಲ್ಲಿಸಿ, ಪೊಲೀಸರನ್ನು ಕರೆಸಿ ಹೊರಗೆ ಕಳಿಸಿದರು. 2009ರ 'ತಖ್ವಾಕೋರ್' ಎಂಬ ಸಾಕ್ಷ್ಯಚಿತ್ರದಲ್ಲಿ ಅದು ದಾಖಲಾಗಿದೆ. ಆ ಬ್ಯಾಂಡುಗಳ ಎಲ್ಲ ಮಾತೂ ನನಗೆ ಒಪ್ಪಿಗೆಯಿಲ್ಲ, ಕೆಲವು ಬರೀ ಕೆಣಕಲೆಂದು ಆಡಿದವು. ನಮ್ಮ ದೇಶದಲ್ಲೇ 2012ರ ಡಿಸೆಂಬರಿನಲ್ಲಿ ಶ್ರೀನಗರದ ಬ್ಯಾಂಡ್ ಸ್ಪರ್ಧೆಯಲ್ಲಿ ಮೂವರು ಶಾಲಾ ಹುಡುಗಿಯರ 'ಪ್ರಗಾಶ್' ಹಾಡಿತು, ಮೆಚ್ಚುಗೆ ಗಳಿಸಿತು. ಫೇಸ್‌ಬುಕ್ಕಿನಲ್ಲಿ ಬೆದರಿಕೆಗಳು ಬಂದವು, ಮುಖ್ಯ ಮುಫ್ತಿಯವರು ಅದು ಧರ್ಮಕ್ಕೆ ವಿರುದ್ಧ ಎಂದರು. 2013ರ ಫೆಬ್ರವರಿ ಹೊತ್ತಿಗೆ ಆ ಮಕ್ಕಳು ಹಾಡುವುದನ್ನು ಬಿಟ್ಟರು. ಟೀವಿ ಚಾನೆಲ್‌ಗಳು ರಾತ್ರಿಯೆಲ್ಲ ಚರ್ಚೆ ಮಾಡಿದವು. ಹಾಡಿಗೆ ಸಿಗದ ಸಮಯ ಹಾಡು ನಿಂತದ್ದಕ್ಕೆ ಸಿಕ್ಕಿತು.

ನಮ್ಮ ಕರ್ನಾಟಕವೇನು ದೂರವೇ? 2017ರಲ್ಲಿ ಸಾಗರದ ಸುಹಾನಾ ಸೈಯದ್ ಹಿಜಾಬ್ ಧರಿಸಿ ಝೀ ಕನ್ನಡದ ಸರಿಗಮಪ ವೇದಿಕೆಯಲ್ಲಿ ಒಂದು ಭಕ್ತಿಗೀತೆ ಹಾಡಿದರು. ಒಂದು ಫೇಸ್‌ಬುಕ್ ಪುಟ ಅವರನ್ನೂ ಹೆತ್ತವರನ್ನೂ ಹೀನಾಯವಾಗಿ ಬೈಯಿತು. ಇನ್ನೊಂದು ಕಡೆಯವರು ಆಕೆಯನ್ನು ಭಾವೈಕ್ಯದ ಗೊಂಬೆ ಮಾಡಿ ಎತ್ತಿ ಮೆರೆಸಿದರು. ಹುಡುಗಿಯ ಕಂಠ ಹೇಗಿತ್ತು, ಶ್ರುತಿ ನಿಂತಿತ್ತೇ ಎಂದು ಮಾತನಾಡಿದವರು ಎಷ್ಟು ಮಂದಿ?

"ರಘು ದೀಕ್ಷಿತ್ ಷರೀಫರ ಹಾಡಿಗೆ ಗಿಟಾರ್ ಹಾಕಿದಾಗ ನೀವು ಖುಷಿಪಟ್ಟಿದ್ರಿ ಮಾಮು" ಎಂದಳು ಹುಡುಗಿ. ನಿಜ. ಮೈಸೂರಿನಲ್ಲಿ ಬೆಳೆದ ಆ ಗಾಯಕ 2008ರ ತನ್ನ ಮೊದಲ ಆಲ್ಬಂನಲ್ಲಿ ಶಿಶುನಾಳ ಷರೀಫರನ್ನು ರಾಕ್ ಬ್ಯಾಂಡಿಗೆ ತಂದ, 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದವರೆಗೂ ಹೋದ. ಅಂಗಡಿಯಲ್ಲಿ ಬಂದವರಿಗೆಲ್ಲ ಅದನ್ನು ಕೇಳಿಸಿದ್ದೇನೆ. "ಅದು ಬೇರೆ" ಎಂದೆ. "ಹೇಗೆ ಬೇರೆ?" ಎಂದಳು. ನನಗೆ ಉತ್ತರ ಗೊತ್ತಿತ್ತು, ಹೇಳಲಿಲ್ಲ. ಅವನು ಗಂಡಸು. ನಮ್ಮ ಮನೆಯವನೂ ಅಲ್ಲ.

ಸಂಗೀತದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ದಫ್‌ಗೆ ಅಡ್ಡಿಯಿಲ್ಲ ಎನ್ನುವವರು ತಂತಿವಾದ್ಯಕ್ಕೆ ಒಪ್ಪುವುದಿಲ್ಲ, ಎರಡಕ್ಕೂ ಒಪ್ಪುವವರೂ ಇದ್ದಾರೆ. ಅದನ್ನು ತೀರ್ಮಾನಿಸಲು ಮೋಟಾರು ರಿಪೇರಿ ಮಾಡುವ ನಾನು ಯಾರು? ನನ್ನ ಕಷ್ಟ ಅದಲ್ಲ. ನನ್ನ ಕಷ್ಟ ಅಡುಗೆಮನೆಯಲ್ಲಿತ್ತು, ಹಬ್ಬದ ಮಸಾಲೆ ಅರೆಯುತ್ತ.

1993. ತಂಗಿಗೆ ಆಗ ಹನ್ನೆರಡು. ಅವಳ ಕಂಠ ಎಂಥದ್ದೆಂದರೆ, ಶಾಲೆಯ ಪ್ರಾರ್ಥನೆ ರಸ್ತೆಗೆ ಕೇಳಿಸಿದಾಗ ಅಬ್ಬಾ ಸೈಕಲ್ ನಿಲ್ಲಿಸಿಕೊಂಡು ಕೇಳುತ್ತಿದ್ದರು. ಅವಳ ಮೇಷ್ಟ್ರು ಆಕಾಶವಾಣಿಯ ಮಕ್ಕಳ ಕಾರ್ಯಕ್ರಮಕ್ಕೆ ಐದು ಮಕ್ಕಳನ್ನು ಆರಿಸಿದರು, ಮೈಸೂರಿಗೆ ಕರೆದೊಯ್ಯುವುದು, ಸಂಜೆಗೆ ವಾಪಸು. ಅಬ್ಬಾ ಒಪ್ಪಿದ್ದರು. ಬೇಡವೆಂದವನು ನಾನು. ನನಗೆ ಇಪ್ಪತ್ತೊಂದು. 1992ರ ಡಿಸೆಂಬರ್ ಕಳೆದು ಕೆಲವೇ ತಿಂಗಳಾಗಿತ್ತು, ಕಾಲ ಸರಿಯಿಲ್ಲ, ಹೆಣ್ಣುಮಗಳನ್ನು ದೂರ ಕಳಿಸುವುದು ಹೇಗೆ ಎಂದೆ. ಆ ಭಯ ಸುಳ್ಳಲ್ಲ. ಆದರೆ ಅದು ಪೂರ್ತಿ ಕಾರಣವೂ ಅಲ್ಲ. ಆ ವಯಸ್ಸಿನಲ್ಲಿ ನನಗೆ ಯಾರನ್ನಾದರೂ ತಿದ್ದುವ ಹುರುಪು ಬಂದಿತ್ತು, ತಿದ್ದಲು ಸುಲಭಕ್ಕೆ ಸಿಕ್ಕವಳು ಅವಳೊಬ್ಬಳೇ. ಜೋರು ಮಾಡಿದೆ, ಅಬ್ಬಾ ಸುಮ್ಮನಾದರು. ಹಿಂದಿನ ರಾತ್ರಿ ಇಸ್ತ್ರಿ ಮಾಡಿ ಮೊಳೆಗೆ ತೂಗುಹಾಕಿದ್ದ ಯೂನಿಫಾರಂ ಅನ್ನು ಬೆಳಿಗ್ಗೆ ಅವಳು ಮಡಚಿ ಒಳಗಿಟ್ಟಳು. ಅಳಲಿಲ್ಲ.

ಕಾರ್ಯಕ್ರಮ ಪ್ರಸಾರವಾದ ದಿನ ನಾನು ಅಂಗಡಿಯಲ್ಲಿದ್ದೆ. ಮುಂದೆ ಒಂದು ಮರ್ಫಿ ರೇಡಿಯೋ ಬಿಚ್ಚಿಕೊಂಡು ಕೂತಿತ್ತು. ಬ್ಯಾಂಡ್ ತಿರುಗಿಸಿ ಪರೀಕ್ಷಿಸುವಾಗ ನಮ್ಮೂರ ಮಕ್ಕಳ ದನಿ ಬಂತು. ನಾಲ್ಕು ದನಿ. ಪೂರ್ತಿ ಕೇಳಿದೆ, ರೇಡಿಯೋ ಚೆನ್ನಾಗಿ ರಿಪೇರಿಯಾಗಿತ್ತು. ಅದಾದ ಮೇಲೆ ತಂಗಿ ಹಾಡಿದ್ದನ್ನು ನಾನು ಕೇಳಿಲ್ಲ. ಈ ವಿಷಯ ನಾವಿಬ್ಬರೂ ಮಾತಾಡಿಲ್ಲ, ಮೂವತ್ತು ವರ್ಷದ ಮೇಲಾಯಿತು.

ಹಬ್ಬದ ದಿನ ನಮಾಝ್ ಮುಗಿಸಿ ಬಂದಾಗ ತಂಗಿಯ ಗಂಡ ಬಂದಿದ್ದರು. ಅಪ್ಪಿಕೊಂಡು ಮುಬಾರಕ್ ಹೇಳಿ, ಕಿವಿಯ ಹತ್ತಿರ, "ಹೇಳಿದ್ರಾ ಭಾಯ್?" ಎಂದರು.

"ಇಲ್ಲ. ನನ್ನ ಕೈಲಾಗಲ್ಲ" ಎಂದೆ. "ನಿಮಗೆ ಬೇಡ ಅನ್ಸಿದ್ರೆ ನೀವೇ ಹೇಳಿ. ಆದ್ರೆ ಮೊದಲು ಒಂದ್ಸಲ ಕೂತು ಕೇಳಿ. ಕಿವಿಗೆ ಕಷ್ಟ ಆಗುತ್ತೆ, ಅದನ್ನ ಈಗಲೇ ಹೇಳಿಬಿಡ್ತೀನಿ."

ಅವರಿಗೆ ಬೇಸರವಾಯಿತು, ಮುಖದಲ್ಲೇ ಕಾಣುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೂ ಹೆಚ್ಚು ಮಾತಾಡಲಿಲ್ಲ. ನಾನು ಹಿತ್ತಲಲ್ಲಿ ಚರ್ಮ ಒಯ್ಯಲು ಬಂದವನ ಜತೆ ನಿಂತಿದ್ದಾಗ ಸದ್ದು ಶುರುವಾಯಿತು. ಹುಡುಗಿ ಎರಡು ಖಾಲಿ ಪೇಂಟ್ ಬಕೆಟ್, ಒಂದು ಎಣ್ಣೆ ಡಬ್ಬ, ಮಗುಚಿ ಹಾಕಿದ ಬೇಸನ್ ಜೋಡಿಸಿಕೊಂಡು ಆ ಕಡ್ಡಿಗಳಿಂದ ಬಾರಿಸುತ್ತಿದ್ದಳು. ಆಚೆ ಮನೆಯ ಮಕ್ಕಳು ಬೇಲಿಗೆ ಬಂದು ನಿಂತವು. ಅವಳ ಅಪ್ಪ ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು, ಕಣ್ಣು ಬೇರೆ ಕಡೆ ಇಟ್ಟುಕೊಂಡು ಕೂತಿದ್ದರು. ಎದ್ದು ಹೋಗಲಿಲ್ಲ.

ಅಡುಗೆಮನೆಯ ಕಿಟಕಿಯಿಂದ ತಂಗಿಯ ದನಿ ಬಂತು, ಪಾತ್ರೆ ತೊಳೆಯುವ ಸದ್ದಿನ ಮೇಲೆ.

"ಮೂರನೇ ಪೆಟ್ಟು ತಡ ಆಗ್ತಿದೆ ಬೇಟಿ. ಇನ್ನೊಂದ್ಸಲ ಬಾರಿಸು."